ಮೂರು ಸಿಲಿಂಡರ್ ಹೋಗಿ ನಾಲ್ಕಾಯ್ತು

ದೊಡ್ಡ ಇಂಜಿನ್ ಹಾಕಿಸಿದ ನಮ್ಮ ಹಳೆ ಟ್ರಾಕ್ಟರ್ ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ. "ಈಗ ಎಷ್ಟು ಎಚ್‌ಪಿ ಆಯ್ತು?" ನಾನು ಸುಮ್ನೆ ನಗ್ತೇನೆ. ಇಂಜಿನ್ ದೊಡ್ಡದು ಕೂರಿಸೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ. ದುಡ್ಡು, ಚೈನ್ ಪುಲ್ಲಿ, ಒಬ್ಬ ಒಳ್ಳೆ ಮೇಸ್ತ್ರಿ ಇದ್ದರೆ ಕೂತೇ ಕೂರುತ್ತದೆ. ಆದರೆ ಅದರ ಹಿಂದಿರುವ ಗೇರ್ ಬಾಕ್ಸು, ಆಕ್ಸಲ್ಲು, ಮುಂದಿರುವ ಸ್ಟೇರಿಂಗು, ಇವೆಲ್ಲ ಹಳೆ ಲೆಕ್ಕದಲ್ಲೇ ಇರುತ್ತವಲ್ಲ. ಅದಕ್ಕೆ ಏನು ಮಾಡಿದಿರಿ ಅಂತ ಕೇಳುವವರು ಕಡಿಮೆ. ಇದನ್ನು ಬರೆಯುತ್ತಿರುವುದು ಅಂಥ ಪ್ರಶ್ನೆ ಕೇಳುವವರಿಗಾಗಿ.

ನಮ್ಮದು ಮ್ಯಾಸಿ 1035, ಹಳೇದು. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಮ್ಯಾಸಿ ಫರ್ಗ್ಯುಸನ್ ಜೊತೆ ಸೇರಿ ಮಾಡಿದ ಟ್ರಾಕ್ಟರು. ಒಳಗೆಲ್ಲ ಇಂಗ್ಲೆಂಡಿನ ಕೋವೆಂಟ್ರಿಯ ಮ್ಯಾಸಿ 35ರ ವಂಶವೇ. ಆ 35 ಮೊದಲು 1956ರಲ್ಲಿ ಫರ್ಗ್ಯುಸನ್ ಹೆಸರಲ್ಲಿ ಬಂತು. ಆಗ ಅದರ ಡೀಸೆಲ್ ಮಾದರಿಯಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಇಂಜಿನ್ ಇತ್ತು, ಚಳಿಗೆ ಸ್ಟಾರ್ಟ್ ಆಗೋದಿಲ್ಲ ಅಂತ ಬೈಸಿಕೊಂಡ ಇಂಜಿನ್ ಅದು. ಆಮೇಲೆ ಪರ್ಕಿನ್ಸ್‌ನ ಮೂರು ಸಿಲಿಂಡರ್ ಬಂದ ಮೇಲೇ ಟ್ರಾಕ್ಟರಿಗೆ ಹೆಸರು ಬಂದದ್ದು. 1959ರಲ್ಲಿ ಮ್ಯಾಸಿಯವರು ಪರ್ಕಿನ್ಸ್ ಕಂಪನಿಯನ್ನೇ ಕೊಂಡುಕೊಂಡರು. ನಮ್ಮ ಕಡೆ ಅದೇ ಇಂಜಿನ್ನನ್ನು ಚೆನ್ನೈನ ಸಿಂಪ್ಸನ್ ಮಾಡಿತು. ಹಾಗಾಗಿ ಶಿವಮೊಗ್ಗದ ಸ್ಪೇರ್ ಅಂಗಡಿಗೆ ಹೋಗಿ "ಸಿಂಪ್ಸನ್ ಮೂರು ಸಿಲಿಂಡರ್ ರಿಂಗು ಕೊಡಿ" ಅಂದರೆ ಯಾರೂ ಮುಖ ಮುಖ ನೋಡೋದಿಲ್ಲ. ಹಳೆ ಟ್ರಾಕ್ಟರ್ ರಿಪೇರಿಗೆ ಕೈ ಹಾಕುವವರು ಮೊದಲು ನೋಡಬೇಕಾದ್ದು ಇದನ್ನೇ. ಬಣ್ಣ, ಚೆಂದ ಎಲ್ಲ ಆಮೇಲೆ. ಸ್ಪೇರ್ ಸಿಗದ ಟ್ರಾಕ್ಟರು ಮನೆ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋಕೆ ಮಾತ್ರ.

ದೊಡ್ಡಪ್ಪ ಇದನ್ನು ದಾವಣಗೆರೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಟಿಲ್ಲರ್ ಬಂದ ಮೇಲೆ ಇದು ಮೂಲೆ ಸೇರಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆದದ್ದೇ ಇದು. ಸಣ್ಣ ಸಣ್ಣ ಮಕ್ಕಿಗದ್ದೆ, ಕಿರಿದಾದ ದಾರಿ, ತೋಟದೊಳಗೆ ಮರದ ಸಾಲು, ಅಲ್ಲಿಗೆಲ್ಲ ಟಿಲ್ಲರೇ ಸರಿ. ಹೆಂಚಿನ ಮಾಡಿನ ಕೆಳಗೆ ನಿಂತಿದ್ದರೂ ಮಲೆನಾಡಿನ ಮಳೆ ಬಿಡಬೇಕಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಕಬ್ಬಿಣ ತಿನ್ನೋಕೆ ಬೇಕಾದಷ್ಟಿದೆ. ಮಡ್‌ಗಾರ್ಡಿನ ಅಂಚು ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಟೈರೊಳಗೆ ತೂಕಕ್ಕೆ ಅಂತ ನೀರು ತುಂಬಿಸಿದ್ದರಿಂದ ಹಿಂದಿನ ಎರಡೂ ರಿಮ್ ಒಳಗಿಂದ ಕೊಳೆತಿದ್ದವು.

ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಬದಲು ಹಾಲು ಜಾಸ್ತಿಯಾದ ಕಾಫಿಯ ಹಾಗೆ ಏನೋ ಇಳಿಯಿತು. ಗೇರ್ ಲಿವರಿನ ಬುಡದ ರಬ್ಬರ್ ಹರಿದು ಮಳೆನೀರು ಒಳಗೆ ಹೋಗಿದೆ ಅಂತ ಅರ್ಥ. ಈ ಟ್ರಾಕ್ಟರಿನಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ಹೈಡ್ರಾಲಿಕ್ ಪಂಪು ಅದೇ ಆಯಿಲಿನಲ್ಲಿ ಮುಳುಗಿಕೊಂಡು ಒಳಗೇ ಇರುತ್ತದೆ. ನೀರು ಹೋದರೆ ಎರಡೂ ಹಾಳು. ಹಳೆ ಮ್ಯಾಸಿ ಕೊಳ್ಳೋಕೆ ಹೋದವರು ಇಂಜಿನ್ ಸ್ಟಾರ್ಟ್ ಮಾಡಿ ನೋಡಿ ಖುಷಿಯಾಗಿ ಬರುತ್ತಾರೆ. ಅದಕ್ಕೂ ಮೊದಲು ಡಿಪ್ ಸ್ಟಿಕ್ ಎಳೆದು ಆ ಆಯಿಲಿನ ಬಣ್ಣ ನೋಡಿ. ನಮ್ಮದರಲ್ಲಿ ಡೀಸೆಲ್ ಹಾಕಿ ತೊಳೆದು, ಬೇರಿಂಗು ನೋಡಿ, ಪಂಪಿನ ಸೀಲು ಬದಲಿಸಿ ಮುಗಿಯಿತು. ಗೇರಿನ ಹಲ್ಲೆಲ್ಲ ಚೆನ್ನಾಗಿದ್ದವು. ಹಳೆ ಕಾಲದ ಉಕ್ಕು, ಸುಮ್ನೆ ಹೊಗಳಬಾರದು, ಆದರೆ ಚೆನ್ನಾಗಿದ್ದವು.

ಇಂಜಿನ್ ಮಾತ್ರ ಕೈ ಕೊಟ್ಟಿತ್ತು. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಶಾಫ್ಟು, ತೆಗೆದು ಅಳತೆ ಮಾಡಿಸಿದರೆ ಅದಾಗಲೇ ಮೂವತ್ತು ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ) ಕಡಿಮೆ. ಅಂದರೆ ಹತ್ತು, ಇಪ್ಪತ್ತು, ಮೂವತ್ತು ಅಂತ ಹಿಂದಿನವರು ಗ್ರೈಂಡ್ ಮಾಡಿಸಿ ಮುಗಿಸಿದ್ದಾರೆ, ಅದಕ್ಕಿಂತ ಸಣ್ಣ ಅಳತೆಯ ಬೇರಿಂಗ್ ಬರೋದಿಲ್ಲ. ಬ್ಲಾಕಿನಲ್ಲೂ ತುಕ್ಕು. ಬೇರೆ ಕ್ರ್ಯಾಂಕ್, ಬೇರೆ ಬ್ಲಾಕ್ ಹುಡುಕಿಯೇ ಹುಡುಕಬೇಕು ಅಂತಾದ ಮೇಲೆ ಒಂದು ಸಿಲಿಂಡರ್ ಜಾಸ್ತಿ ಇರುವುದನ್ನೇ ಯಾಕೆ ಹುಡುಕಬಾರದು ಅನ್ನೋ ಆಸೆ ಹುಟ್ಟಿತು. ಆಸೆ ನಂದೇ, ಮೇಸ್ತ್ರಿಯದ್ದಲ್ಲ. ಅವರು ಹೇಳಿದ್ದು, "ಅಲ್ಲ ಮಾರಾಯ್ರೇ, ಇದ್ದದ್ದನ್ನ ನೆಟ್ಟಗೆ ಮಾಡಿ ಓಡಿಸಬಾರದಾ?"

ಅವಶ್ಯಕತೆಯೂ ಇತ್ತು ಅನ್ನಿ. ನಮ್ಮ ತೋಟ ಕೆಳಗೆ ಹಳ್ಳದ ಪಕ್ಕ, ಮನೆ ಮತ್ತು ಅಂಗಳ ಮೇಲೆ. ಅಡಿಕೆ ಕೊನೆ (ಗೊನೆ) ತುಂಬಿದ ಟ್ರೈಲರ್ ಜಂಬಿಟ್ಟಿಗೆ ಮಣ್ಣಿನ ಏರಿನಲ್ಲಿ ಮೇಲೆ ಬರಬೇಕು. ಹಳೆ ಇಂಜಿನ್ನಿನಲ್ಲಿ ಅರ್ಧ ಏರು ಬರುವಷ್ಟರಲ್ಲಿ ಗೇರ್ ಇಳಿಸಬೇಕಾಗುತ್ತಿತ್ತು. ಇಳಿಸಬೇಕು ಅಂದರೆ ನಿಲ್ಲಿಸಬೇಕು, ಈ ಗೇರ್ ಬಾಕ್ಸಿನಲ್ಲಿ ಓಡುತ್ತಾ ಓಡುತ್ತಾ ಗೇರ್ ಬದಲಿಸೋ ಸುಖ ಇಲ್ಲ. ಏರಿನಲ್ಲಿ ಲೋಡ್ ನಿಲ್ಲಿಸಿ ಮತ್ತೆ ಎತ್ತೋದು ಎಂಥ ಕಥೆ ಅಂತ ಓಡಿಸಿದವರಿಗೆ ಗೊತ್ತು.

ಪರ್ಕಿನ್ಸ್‌ನ ಹೆಸರಲ್ಲೇ ಲೆಕ್ಕ ಇದೆ. ಹಳೇದು 3.152, ಅಂದರೆ ಮೂರು ಸಿಲಿಂಡರ್, 152 ಘನ ಇಂಚು, ಸುಮಾರು ಎರಡೂವರೆ ಲೀಟರ್. ಅದರ ಅಣ್ಣ 4.203. ನಾಲ್ಕು ಸಿಲಿಂಡರ್, 203 ಘನ ಇಂಚು, 3.3 ಲೀಟರ್. ಎರಡರದ್ದೂ ಬೋರ್ (ಸಿಲಿಂಡರಿನ ಅಗಲ) 91.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 127 ಮಿ.ಮೀ. ಒಂದೇ ಅಚ್ಚು, ಒಂದು ಕೋಣೆ ಜಾಸ್ತಿ ಅಷ್ಟೆ. ಲಾರಿಯದ್ದೋ ಜೀಪಿನದ್ದೋ ಸಿಕ್ಕ ಇಂಜಿನ್ ತಂದು ತುರುಕೋದಕ್ಕಿಂತ ಅದೇ ಮನೆತನದ್ದು ಹಾಕಿದರೆ ಮುಂದೆ ಸ್ಪೇರಿಗೆ ಅಲೆಯೋದು ತಪ್ಪುತ್ತದೆ. ನಮಗೆ ಸಿಕ್ಕಿದ್ದು ಒಂದು ಹಳೆ ಜನರೇಟರಿನಿಂದ ಬಿಚ್ಚಿದ್ದು. ಗುಜರಿ ಅಂಗಡಿಯಲ್ಲಿ ಮೂಲೆಯಲ್ಲಿ ಬಿದ್ದಿತ್ತು, ಮೇಲೆ ಒಂದು ಪದರ ಎಣ್ಣೆ ಕೊಳೆ. ಆ ಕೊಳೆಯೇ ಅದನ್ನು ತುಕ್ಕಿನಿಂದ ಉಳಿಸಿತ್ತು.

ಇನ್ನು ಅಸಲಿ ತಲೆನೋವು. ಕಾರು, ಲಾರಿಗಳಿಗೆ ಚಾಸಿ ಇರುತ್ತದೆ, ಇಂಜಿನ್ ಅದರ ಮೇಲೆ ಕೂತಿರುತ್ತದೆ. ಈ ಟ್ರಾಕ್ಟರಿಗೆ ಚಾಸಿ ಅಂತ ಇಲ್ಲವೇ ಇಲ್ಲ. ಹಿಂದೆ ಆಕ್ಸಲ್, ಅದಕ್ಕೆ ಗೇರ್ ಬಾಕ್ಸ್, ಅದಕ್ಕೆ ಇಂಜಿನ್, ಇಂಜಿನ್ನಿನ ಮುಂಭಾಗಕ್ಕೆ ಮುಂದಿನ ಆಕ್ಸಲ್ಲಿನ ಬ್ರಾಕೆಟ್. ಇಂಜಿನ್ನೇ ಬೆನ್ನುಮೂಳೆ. ಅದಕ್ಕೇ ಟ್ರಾಕ್ಟರ್ ಇಂಜಿನ್ನಿನ ಕೆಳಗಿನ ಸಂಪ್ ದಪ್ಪ ಎರಕದ್ದು. ಜನರೇಟರ್ ಇಂಜಿನ್ನಿನದ್ದು ತೆಳು ತಗಡಿನ ಸಂಪ್, ಅದು ಆಯಿಲ್ ಹಿಡಿದುಕೊಳ್ಳೋಕೆ ಮಾತ್ರ. ಅದನ್ನೇ ಹಾಗೇ ಕೂರಿಸಿ ಮುಂದೆ ಆಕ್ಸಲ್ ಕಟ್ಟಿ ಗದ್ದೆಗೆ ಇಳಿಸಿದರೆ ಬ್ಲಾಕೇ ಸೀಳಿಹೋಗಬಹುದು. ಎರಕದ ಸಂಪ್ ಹುಡುಕಿದೆವು, ನಮ್ಮ ಕಡೆ ಸಿಗಲಿಲ್ಲ. ಕೊನೆಗೆ ಬೆಲ್ ಹೌಸಿಂಗಿನಿಂದ, ಅಂದರೆ ಗೇರ್ ಬಾಕ್ಸಿನ ಮುಂದಿರುವ ಕ್ಲಚ್ಚಿನ ಗೂಡಿನಿಂದ, ಮುಂದಿನ ಬ್ರಾಕೆಟ್‌ವರೆಗೆ ಎರಡೂ ಬದಿಗೆ ಆರು ಇಂಚಿನ ಸಿ ಚಾನೆಲ್ ಕೊಟ್ಟು, ಭಾರವೆಲ್ಲ ಅದರ ಮೇಲೆ ಬರುವ ಹಾಗೆ ಮಾಡಿ, ಇಂಜಿನ್ನನ್ನು ನಡುವೆ ಕೂರಿಸಿದೆವು. ಎಲ್ಲ ಬೋಲ್ಟು, ಎಲ್ಲೂ ವೆಲ್ಡಿಂಗ್ ಇಲ್ಲ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಹಾಕಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಅದು ಎಲ್ಲರಿಗೂ ಗೊತ್ತು, ಆದರೂ ಹಾಕುವವರು ಹಾಕುತ್ತಲೇ ಇರುತ್ತಾರೆ.

ಇಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಒಂದು ಪ್ಲೇಟ್ ಬೇಕಾಯಿತು. ಈ ವಿಷಯದಲ್ಲಿ ಶಿವಮೊಗ್ಗದವರು ಪುಣ್ಯವಂತರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಪಕ್ಕದಲ್ಲೇ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳು, ಊರೊಳಗೆ ಲೇತ್ ಅಂಗಡಿಗಳು. ಕಬ್ಬಿಣ ಗೊತ್ತಿರುವ ಜನ. ಆದರೆ ಪ್ಲೇಟ್ ಕೊರೆಯೋದಕ್ಕಿಂತ ಅದನ್ನು ನಡುಮಧ್ಯಕ್ಕೆ ಕೂರಿಸೋದೇ ದೊಡ್ಡದು. ಮೇಸ್ತ್ರಿ ಕ್ರ್ಯಾಂಕಿನ ಹಿಂದಿನ ಭಾರದ ಚಕ್ರಕ್ಕೆ (ಫ್ಲೈವೀಲ್) ಡಯಲ್ ಗೇಜಿನ, ಅಂದರೆ ಕೂದಲೆಳೆ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನದ, ಮ್ಯಾಗ್ನೆಟ್ ಅಂಟಿಸಿ, ಅದರ ಅಳೆಯುವ ಕಡ್ಡಿಯ ತುದಿಯನ್ನು ಪ್ಲೇಟಿನ ಒಳಗಿನ ಸುತ್ತಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಒಂದು ಬದಿಗೆ ವಾಲಿತು. ಮರದ ಸುತ್ತಿಗೆಯಲ್ಲಿ ಪ್ಲೇಟಿಗೆ ಒಂದು ಸಣ್ಣ ಪೆಟ್ಟು. ಮತ್ತೆ ಸುತ್ತು. ಮತ್ತೆ ಪೆಟ್ಟು. ಮಾತಿಲ್ಲ, ಕತೆಯಿಲ್ಲ, ಚಹಾ ಆರಿಹೋಯಿತು. ಮುಳ್ಳು ಒಂದೆರಡು ಥೌ ಮಾತ್ರ ಅಲ್ಲಾಡೋ ಮಟ್ಟಕ್ಕೆ ಬಂದ ಮೇಲೇ ಪ್ಲೇಟು ಕದಲದ ಹಾಗೆ ಹಿಡಿಯುವ ಡೋವೆಲ್ ಪಿನ್ನಿಗೆ ತೂತು ಕೊರೆದದ್ದು. ಇಲ್ಲಿ ಅವಸರ ಮಾಡಿದರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು ಕೂಗೋಕೆ ಶುರು ಮಾಡುತ್ತದೆ, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಕಿತ್ತುಹೋಗುತ್ತದೆ. ಜನ ಕ್ಲಚ್ ಪ್ಲೇಟ್ ಕಂಪನಿಗೆ ಬೈಯುತ್ತಾರೆ.

ಇನ್ನೊಂದು ಜಾಗ ಕ್ರ್ಯಾಂಕಿನ ಹಿಂದಿನ ಸೀಲು. ಈ ಕಾಲದ ರಬ್ಬರ್ ಸೀಲಲ್ಲ, ಹಗ್ಗದ ಸೀಲು. ಎರಡು ಅರ್ಧಚಂದ್ರದ ಹೌಸಿಂಗಿನ ತೋಡಿನಲ್ಲಿ ಗ್ರಾಫೈಟ್ ಮೆತ್ತಿದ ಹಗ್ಗ ಕೂರಿಸಬೇಕು. ಮೊದಲು ಎರಡು ತುದಿ ಒತ್ತಿ, ಆಮೇಲೆ ನಡುಭಾಗ, ಒಂದು ದುಂಡನೆ ಸರಳಿನಿಂದ ಉಜ್ಜಿ ಉಜ್ಜಿ ಒಳಗೆ ಇಳಿಸಬೇಕು. ತುದಿ ಕತ್ತರಿಸುವಾಗ ಹೌಸಿಂಗಿನ ಅಂಚಿಗೆ ಸಮ ಕತ್ತರಿಸಬಾರದು, ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರು ಮೇಲೆ ಬಿಡಬೇಕು. ಎರಡು ಅರ್ಧ ಸೇರಿದಾಗ ತುದಿಗಳು ಒಂದನ್ನೊಂದು ಒತ್ತಿಕೊಂಡು ಆಯಿಲ್ ನಿಲ್ಲಿಸುತ್ತವೆ. ಸಮ ಕತ್ತರಿಸಿದರೆ ಆಯಿಲ್ ನೇರ ಕ್ಲಚ್ಚಿಗೆ. ಸಿಂಪ್ಸನ್ ಇಂಜಿನ್ ಅಂದರೆ ಹಿಂದಿನಿಂದ ಆಯಿಲ್ ಸೋರೋದೇ ಅಂತ ಒಂದು ಮಾತಿದೆ, ಅರ್ಧ ಪಾಲು ಅದು ಇಂಜಿನ್ನಿನ ತಪ್ಪಲ್ಲ.

ಇಂಜಿನ್ ನಾಲ್ಕೈದು ಇಂಚು ಉದ್ದವಾಯಿತು ಅಂದರೆ ಮುಂದಿನ ಚಕ್ರ ಅಷ್ಟೇ ಮುಂದೆ ಹೋಯಿತು. ಮುಂದಿನ ಆಕ್ಸಲ್ಲಿನಿಂದ ಹಿಂದಕ್ಕೆ ಬರುವ ಎರಡು ರಾಡು, ಸ್ಟೇರಿಂಗಿನ ಎರಡು ರಾಡು, ಎಲ್ಲವನ್ನೂ ಉದ್ದ ಮಾಡಬೇಕು. ಹಳೆ ರಾಡ್ ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಿಕೊಡ್ತೇನೆ ಅಂತ ಒಬ್ಬರು ಹೇಳಿದರು. ಸ್ಟೇರಿಂಗ್ ರಾಡಿಗೆ ಆ ಕೆಲಸ ಬೇಡವೇ ಬೇಡ ಅಂತ ಹೊಸ ಗಟ್ಟಿ ಸರಳಿನಲ್ಲೇ ಮಾಡಿಸಿದೆವು. ಬಾನೆಟ್ಟಿಗೆ ಮಾತ್ರ ತಗಡಿನ ತುಂಡು ಸೇರಿಸಿ ಟಿಂಕರಿಂಗ್. ಕೆಂಪು ಬಣ್ಣದ ಕೆಳಗೆ ಜೋಡಣೆ ಕಾಣೋದಿಲ್ಲ, ಆದರೆ ಹಳೆ ಮ್ಯಾಸಿ ಕಂಡವರು ಒಂದು ಕ್ಷಣ ನಿಂತು ಮೂಗು ಉದ್ದ ಆಯ್ತಲ್ಲ ಅಂತಾರೆ. ತಿರುಗಿಸೋಕೆ ಜಾಗವೂ ಜಾಸ್ತಿ ಬೇಕು. ಬಯಲು ಗದ್ದೆಯಲ್ಲಿ ತೊಂದರೆ ಇಲ್ಲ, ಸಣ್ಣ ಗದ್ದೆಯ ಮೂಲೆಗಳು ಈಗಲೂ ಟಿಲ್ಲರಿಗೇ.

ಡೀಸೆಲ್ ಪಂಪಿಗೆ ಬರೋಣ. ಜನರೇಟರ್ ಇಂಜಿನ್ನು ಇಡೀ ಆಯಸ್ಸು 1,500 ಆರ್‌ಪಿಎಂನಲ್ಲೇ ಓಡಿರುತ್ತದೆ, ಕರೆಂಟು 50 ಸೈಕಲ್ ಬರಬೇಕಲ್ಲ. ಅದರ ಗವರ್ನರ್, ಅಂದರೆ ವೇಗ ಹಿಡಿದಿಡುವ ಭಾಗ, ಅದಕ್ಕೇ ಕಟ್ಟಿದ್ದು. ಟ್ರಾಕ್ಟರಿಗೆ ಸ್ಲೋದಿಂದ ಫುಲ್‌ವರೆಗೆ ಕೈ ಎಳೆದಂತೆ ಕೇಳಬೇಕು. ಪಂಪನ್ನು ಕ್ಯಾಲಿಬ್ರೇಶನ್ ಬೆಂಚಿಗೆ ಹಾಕಿಸಿ ಬದಲಿಸಬೇಕು. ಹಾಗೇ ಒಂದು ಮಾತು. ಇದು ಡಿಪಿಎ ಅನ್ನೋ ಜಾತಿಯ ಪಂಪು, ಇದಕ್ಕೆ ಡೀಸೆಲ್ಲೇ ಆಯಿಲ್. ಮಳೆಗಾಲದಲ್ಲಿ ಡ್ರಮ್ಮಿನಲ್ಲಿಟ್ಟ ಡೀಸೆಲ್ಲಿಗೆ ನೀರು ಸೇರಿದ್ದರೆ ಪಂಪು ಒಳಗೇ ಕಚ್ಚಿಕೊಳ್ಳುತ್ತದೆ. ಫಿಲ್ಟರಿನ ಕೆಳಗಿನ ಬೋಲ್ಟು ಆಗಾಗ ಸಡಿಲಿಸಿ ನೀರು ಬಿಡಿ.

ಬೆಂಚಿನಲ್ಲೇ ನಾನು ಇನ್ನೊಂದು ಕೆಲಸ ಮಾಡಿಸಿದೆ. ಫುಲ್ ಲೋಡಿಗೆ ಹೋಗುವ ಡೀಸೆಲ್ಲನ್ನು ಕಡಿಮೆ ಮಾಡಿಸಿ ಸೀಲ್ ಹಾಕಿಸಿದೆ. ಇದನ್ನು ಕೇಳಿದವರು ನನ್ನನ್ನು ಹುಚ್ಚ ಅಂದುಕೊಳ್ಳುತ್ತಾರೆ. ದೊಡ್ಡ ಇಂಜಿನ್ ಹಾಕಿ ಅದರ ಕತ್ತು ಹಿಸುಕೋದಾ? ಕಾರಣ ಇದೆ. ಇದೇ 4.203 ಇಂಜಿನ್ನನ್ನು ಮ್ಯಾಸಿಯವರೇ ತಮ್ಮ 65 ಮಾದರಿಯಲ್ಲಿ ಹಾಕಿದ್ದರು. ಅಲ್ಲಿ ಐವತ್ತರ ಮೇಲೆ ಎಚ್‌ಪಿ ಕೊಡುತ್ತಿತ್ತು. ಆದರೆ ಅದನ್ನು ತಾಳಿಕೊಳ್ಳಲಿ ಅಂತ ಹಿಂದಿನ ಆಕ್ಸಲ್ಲನ್ನೇ ಬೇರೆ ಮಾಡಿದ್ದರು. ಚಕ್ರದ ಹತ್ತಿರವೇ ಇನ್ನೊಂದು ಸೆಟ್ ಗೇರು ಕೊಟ್ಟು, ಕೊನೆಯ ತಿರುಗುಬಲ ಅಲ್ಲಿ ಹುಟ್ಟುವ ಹಾಗೆ ಮಾಡಿದ್ದರು. ಅದರಿಂದ ಕ್ರೌನ್ ಪಿನಿಯನ್ನಿಗೂ (ಆಕ್ಸಲ್ ನಡುವಿನ ದೊಡ್ಡ ಗೇರು ಜೋಡಿ) ಒಳಗಿನ ಶಾಫ್ಟಿಗೂ ಒತ್ತಡ ಕಡಿಮೆ. ನಮ್ಮ 35ರ ವಂಶಕ್ಕೆ ಅದಿಲ್ಲ. ಎಲ್ಲ ಭಾರ ಕ್ರೌನ್ ಪಿನಿಯನ್ ಮೇಲೇ. ಕಂಪನಿಯವರು ಲೆಕ್ಕ ಹಾಕಿ ಬದಲಿಸಿದ್ದನ್ನು ನಾವು ಬದಲಿಸದೆ ಅಷ್ಟೂ ಎಚ್‌ಪಿ ಬೇಕು ಅಂದರೆ ಹೇಗೆ, ಅಲ್ವಾ?

ಹಾಗಾದರೆ ಲಾಭ ಏನು? ಏರಿನಲ್ಲಿ ಇಂಜಿನ್ ಒದ್ದಾಡೋದು ನಿಂತಿತು. ಲೋಡ್ ಬಿದ್ದಾಗ ಆರ್‌ಪಿಎಂ ಕೆಳಗೆ ಇಳಿದರೂ ಎಳೆಯುತ್ತಲೇ ಇರುತ್ತದೆ, ಗೇರ್ ಇಳಿಸದೆ ಮನೆ ಅಂಗಳಕ್ಕೆ ಬಂದು ನಿಲ್ಲುತ್ತದೆ. ಹೊಗೆ ಕಡಿಮೆ. ಇಳಿಜಾರಿನಲ್ಲಿ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಚೆನ್ನಾಗಿ ಹಿಡಿಯುತ್ತದೆ.

ಗದ್ದೆ ಕೆಸರಿನಲ್ಲಿ ಹೂಟಿಗೆ ದೊಡ್ಡ ವ್ಯತ್ಯಾಸ ಏನೂ ಆಗಲಿಲ್ಲ, ಆಗೋದೂ ಇಲ್ಲ. ಒಂದನೇ ಗೇರಿನಲ್ಲಿ ಹಳೆ ಇಂಜಿನ್ನೇ ಚಕ್ರ ತಿರುಗಿಸಿ ಜಾರಿಸಿಬಿಡುತ್ತಿತ್ತು. ಚಕ್ರ ಜಾರೋದಕ್ಕೆ ಶುರುವಾದ ಮೇಲೆ ಇಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೆ, ಎಳೆತ ಬರೋದು ಹಿಂದಿನ ಚಕ್ರದ ಮೇಲಿನ ತೂಕದಿಂದ ಮತ್ತು ಚಕ್ರದ ಹಿಡಿತದಿಂದ. ಅದಕ್ಕೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಬೇಕು, ಎಚ್‌ಪಿ ಅಲ್ಲ. ದೊಡ್ಡ ಇಂಜಿನ್ನಿನಿಂದ ಅದೇ ಕೆಲಸ ಒಂದು ಗೇರ್ ಮೇಲೆ ಹಾಕಿ ಬೇಗ ಮುಗಿಯುತ್ತದೆ, ಅಷ್ಟೆ.

ಕೆಸರಿನಲ್ಲಿ ಭಯ ಪಡಬೇಕಾದ್ದು ಒಂದಿದೆ. ಹಿಂದಿನ ಚಕ್ರ ಹೂತು ಅಲ್ಲಾಡದೆ ನಿಂತಾಗ ಕ್ಲಚ್ ಪಟ್ಟನೆ ಬಿಟ್ಟರೆ, ಚಕ್ರ ತಿರುಗೋ ಬದಲು ಟ್ರಾಕ್ಟರ್ ತಾನೇ ಆಕ್ಸಲ್ ಸುತ್ತ ತಿರುಗೋಕೆ ನೋಡುತ್ತದೆ. ಮೂತಿ ಮೇಲೆ ಏಳುತ್ತದೆ. ಪೂರ್ತಿ ಮಗುಚೋಕೆ ಒಂದೆರಡು ಸೆಕೆಂಡ್ ಸಾಕು, ಕ್ಲಚ್ ತುಳಿಯೋಣ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ. ಇಂಜಿನ್ ದೊಡ್ಡದಾದಷ್ಟೂ ಇದು ಜಾಸ್ತಿ. ಮುಂದೆ ತೂಕ ಹೆಚ್ಚಿದ್ದು ಸ್ವಲ್ಪ ಸಹಾಯ, ಆದರೆ ಅದನ್ನೇ ನಂಬಬಾರದು. ಹೂತರೆ ರಿವರ್ಸ್ ಹಾಕಿ ಬಂದ ದಾರಿಯಲ್ಲೇ ಹಿಂದೆ ಬನ್ನಿ, ಇಲ್ಲವಾದರೆ ಬೇರೆ ಗಾಡಿ ಕರೆಸಿ. ಚಕ್ರದ ಮುಂದೆ ಅಡಿಕೆ ದಬ್ಬೆ (ಮರದ ಸೀಳು) ಕಟ್ಟಿ ಎತ್ತೋ ಸಾಹಸ ನಮ್ಮ ಕಡೆ ತುಂಬಾ ಜನ ಮಾಡುತ್ತಾರೆ. ಅದೇ ಅತ್ಯಂತ ಅಪಾಯದ್ದು, ದಬ್ಬೆ ಚಕ್ರವನ್ನು ತಿರುಗದ ಹಾಗೆ ಹಿಡಿದುಬಿಡುತ್ತದೆ. ನಾವು ಸೀಟಿನ ಹಿಂದೆ ದಪ್ಪ ಪೈಪಿನ ರೋಲ್ ಬಾರ್ ಹಾಕಿಸಿ, ಜೊತೆಗೆ ಬೆಲ್ಟೂ ಕಟ್ಟಿಸಿದ್ದೇವೆ. ಚೆಂದ ಹಾಳಾಯ್ತು ಅಂತ ಹಳೆ ಗಾಡಿ ಪ್ರೀತಿಸುವ ಗೆಳೆಯರು ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ರೇಡಿಯೇಟರ್ ಹಳೇದೇ ಸಾಕಾಗಲಿಲ್ಲ. ಮೇಲಿನ ಕೆಳಗಿನ ಟ್ಯಾಂಕ್ ಉಳಿಸಿಕೊಂಡು ಒಂದು ಸಾಲು ಜಾಸ್ತಿ ಇರುವ ಕೋರ್ ಹಾಕಿಸಿದೆವು.

ಕಾಗದ ಪತ್ರದ ವಿಷಯ ಯಾರೂ ಮಾತಾಡೋದಿಲ್ಲ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ. ಇಂಜಿನ್ ಬದಲಾದರೆ ಅದು ಸುಳ್ಳಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳದ್ದೇ. ಇಂಜಿನ್ ಇಳಿಸೋದಕ್ಕೂ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಏನು ಒಪ್ಪಿಗೆ ಬೇಕು ಅಂತ ಕೇಳಿಕೊಳ್ಳಿ. ಗುಜರಿಯಿಂದ ತಂದರೂ ಬಿಲ್ ಕೇಳಿ ಪಡೆಯಿರಿ, ಇಂಜಿನ್ ಮೇಲಿನ ನಂಬರಿನ ಫೋಟೋ ಇಟ್ಟುಕೊಳ್ಳಿ. ತೋಟ ಬಿಟ್ಟು ಹೊರಗೆ ಹೋಗೋದೇ ಇಲ್ಲ ಅನ್ನುವವರೂ ಒಂದಲ್ಲ ಒಂದು ದಿನ ಅಡಿಕೆ ಹೇರಿಕೊಂಡು ಮಂಡಿಗೆ ಹೋಗುತ್ತಾರೆ. ರಸ್ತೆಯಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡೋದು ಆ ನಂಬರನ್ನೇ.

ಖರ್ಚಿನಲ್ಲಿ ಇಂಜಿನ್ನಿನ ಪಾಲು ಸಣ್ಣದು. ಪ್ಲೇಟು, ಚಾನೆಲ್ಲು, ರಾಡು, ಪಂಪು, ರೇಡಿಯೇಟರು, ಕ್ಲಚ್ಚು ಸೇರಿ ಅದನ್ನು ಮೀರಿಸಿದವು. ಕೂಲಿ ಬೇರೆ. ಇಷ್ಟಕ್ಕೆ ಚೆನ್ನಾಗಿ ಓಡುವ ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ಸಿಗುತ್ತಿತ್ತಾ? ಸಿಗುತ್ತಿತ್ತು. ನಿಮ್ಮ ಕ್ರ್ಯಾಂಕ್ ಇನ್ನೂ ಹತ್ತು ಥೌನಲ್ಲಿದ್ದರೆ, ಬ್ಲಾಕ್ ಚೆನ್ನಾಗಿದ್ದರೆ, ಮೇಸ್ತ್ರಿ ಹೇಳಿದ ಹಾಗೆ ಮೂರು ಸಿಲಿಂಡರನ್ನೇ ನೆಟ್ಟಗೆ ಮಾಡಿಸಿ. ಅದೇ ಲಾಯಕ್ಕು. ನಮ್ಮ ಹಾಗೆ ಎರಡೂ ಹೋಗಿದ್ದು, ಏರಿನ ದಾರಿಯೂ ಇದ್ದರೆ ನಾಲ್ಕು ಸಿಲಿಂಡರ್ ಯೋಚನೆ ಮಾಡಬಹುದು, ಡೀಸೆಲ್ ಕಡಿಮೆ ಮಾಡಿಸಿ ಸೀಲ್ ಹಾಕಿಸೋ ಮನಸ್ಸಿದ್ದರೆ ಮಾತ್ರ.

ನಮ್ಮದಕ್ಕೆ ಇನ್ನೂ ಬ್ರೇಕಿನ ಕೆಲಸ ಬಾಕಿ ಇದೆ. ಡ್ರಮ್ಮು ಸವೆದಿದೆ, ಟ್ರೈಲರಿಗಂತೂ ಬ್ರೇಕೇ ಇಲ್ಲ. ಈ ಸಲದ ಅಡಿಕೆ ಕೊನೆ ಕೊಯ್ಲು ಶುರುವಾಗೋ ಮೊದಲು ಎರಡನ್ನೂ ಮುಗಿಸಬೇಕು. ಅಲ್ಲಿಯವರೆಗೆ ಲೋಡ್ ಹಾಕಿಕೊಂಡು ಇಳಿಜಾರಿಗೆ ಇಳಿಸೋದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.